ಸಂಡೂರು ಗುಡ್ಡಗಳಲ್ಲಿ ಮೌಂಟೇನ್ ಬೈಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ ಅಂದ್ರೆ ಬಿಸಿಲು, ಬಂಡೆ. ಅಲ್ಲಿ ಕಾಡು ಎಲ್ಲಿದೆ?

ಸಂಡೂರಿನಲ್ಲಿದೆ. ಬಳ್ಳಾರಿಯಿಂದ ಬಸ್ಸು ಹತ್ತಿ ತೋರಣಗಲ್ಲು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಿರಿ. ಬಯಲು ಮುಗಿದು ಗುಡ್ಡದ ಸಾಲು ಶುರುವಾಗುತ್ತದೆ. ಎರಡು ಸಾಲು, ನಡುವೆ ಉದ್ದಕ್ಕೆ ಚಾಚಿದ ಕಣಿವೆ. ಗುಡ್ಡದ ನೆತ್ತಿಗಳು ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರಕ್ಕೆ ಹೋಗುತ್ತವೆ. ನಾರಿಹಳ್ಳ ಈ ಸಾಲುಗಳನ್ನು ಸೀಳಿಕೊಂಡೇ ಹರಿಯುತ್ತದೆ. ಓಬಳಗಂಡಿಯಲ್ಲಿ ಕಣಿವೆಯೊಳಗೆ ಬಂದು, ಭೀಮಗಂಡಿಯಲ್ಲಿ ಹೊರಬಿದ್ದು, ಕೊನೆಗೆ ದರೋಜಿ ಕೆರೆ ಸೇರುತ್ತದೆ.

ಬಳ್ಳಾರಿ ನಗರಕ್ಕಿಂತ ಇಲ್ಲಿ ಮಳೆ ಜಾಸ್ತಿ. ದಿಂಡಿಗ, ಮತ್ತಿ, ಕಕ್ಕೆ, ಸೀತಾಫಲ ಬೆಳೆದ ಎಲೆ ಉದುರುವ ಕಾಡು ಇದು. ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಎಂದು ಗಾಂಧೀಜಿ ಹೇಳಿದರು ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಸೆಪ್ಟೆಂಬರಿನಲ್ಲಿ ಒಮ್ಮೆ ಬಂದು ನೋಡಿದರೆ ಆ ಮಾತು ಯಾಕೆ ಉಳಿದಿದೆ ಅಂತ ಗೊತ್ತಾಗುತ್ತದೆ.

ಇಲ್ಲಿ ಸೈಕಲ್ಲಿಗೆ ಅಂತ ಮಾಡಿದ ಟ್ರೇಲ್ ಇದೆಯಾ? ಬೋರ್ಡು, ಗುರುತು?

ಇಲ್ಲ. ಇರುವುದೆಲ್ಲ ಬೇರೆಯವರ ದಾರಿ. ಹೊಲಕ್ಕೆ ಹೋಗುವ ಬಂಡಿ ದಾರಿ, ಕುರಿ ದನ ತುಳಿದ ಕಾಲುದಾರಿ, ದೇವಸ್ಥಾನಕ್ಕೆ ಹತ್ತುವ ಹಳೇ ದಾರಿ, ಅರಣ್ಯ ಇಲಾಖೆಯ ಜೀಪ್ ದಾರಿ, ಆಮೇಲೆ ಗಣಿಯ ದಾರಿ. ಮ್ಯಾಪಿನಲ್ಲಿ ಇವೆಲ್ಲ ಒಂದೇ ಥರದ ಸಣ್ಣ ಗೆರೆಗಳಾಗಿ ಕಾಣುತ್ತವೆ. ನೆಲದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಸಂಡೂರಿನಲ್ಲಿ ರೂಟು ಹಾಕುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ದಾರಿಯಲ್ಲಿ ಅದಿರಿನ ಲಾರಿ ಓಡುತ್ತದೆಯೋ, ಎತ್ತಿನ ಬಂಡಿ ಓಡುತ್ತದೆಯೋ? ಏರು ಎಷ್ಟು, ದೂರ ಎಷ್ಟು ಅನ್ನುವುದೆಲ್ಲ ಆಮೇಲೆ. ಲಾರಿ ದಾರಿ ಬಿಟ್ಟು ಬಂಡಿ ದಾರಿ ಹಿಡಿದವರಿಗೆ ಈ ಕಣಿವೆ ತುಂಬಾ ಕೊಡುತ್ತದೆ. ಲಾರಿ ದಾರಿಯಲ್ಲೇ ಸುತ್ತಿ ವಾಪಸ್ ಹೋದವರು ಕೆಂಪು ಧೂಳು ಬಿಟ್ಟು ಏನೂ ನೋಡಿರುವುದಿಲ್ಲ.

ಲಾರಿ ಅಷ್ಟೊಂದು ಯಾಕೆ? ಗಣಿ ನಿಂತಿತ್ತಲ್ಲ?

ನಿಂತಿತ್ತು. ಅಕ್ರಮ ಗಣಿಗಾರಿಕೆಯ ಗಲಾಟೆ ಜೋರಾದಾಗ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಗಣಿಗಳನ್ನು ಮೂರು ವರ್ಗ ಮಾಡಿ, ಉತ್ಪಾದನೆಗೆ ಮಿತಿ ಇಟ್ಟು, ಹಂತ ಹಂತವಾಗಿ ಮತ್ತೆ ಶುರು ಮಾಡಲು ಬಿಟ್ಟಿತು. ಬಳ್ಳಾರಿಯ ವರ್ಷದ ಮಿತಿಯನ್ನು 2022ರಲ್ಲಿ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಿತು. ಸ್ವಲ್ಪ ಅದಿರು ರೈಲಿನಲ್ಲಿ, ಸ್ವಲ್ಪ ಕನ್ವೇಯರ್ ಬೆಲ್ಟಿನಲ್ಲಿ ಹೋಗುತ್ತದೆ. ಆದರೂ ಲಾರಿ ಜಾಸ್ತಿಯೇ.

ಸೈಕಲ್ ಹೊಡೆಯುವವರಿಗೆ ಇದರಿಂದ ಏನು? ಹೋದ ವರ್ಷ ಖಾಲಿ ಇದ್ದ ದಾರಿ ಈ ವರ್ಷ ಲಾರಿ ದಾರಿ ಆಗಿರಬಹುದು. ಯಾರೋ ಹಿಂದೆ ಹಾಕಿದ ಜಿಪಿಎಸ್ ಟ್ರ್ಯಾಕನ್ನೇ ನಂಬಿ ಹೊರಡಬೇಡಿ. ಹಿಂದಿನ ದಿನ ಊರಿನ ಚಹಾ ಅಂಗಡಿಯಲ್ಲಿ ಕೇಳಿ. ‘ಆ ಕಡೆ ಲಾರಿ ಓಡಾಡ್ತಾವೇನ್ರಿ?’ ಅಂದರೆ ಸಾಕು, ಯಾವ ಗಣಿ ನಡೆಯುತ್ತಿದೆ, ಎಷ್ಟು ಹೊತ್ತಿಗೆ ಲೋಡ್ ಹೊರಡುತ್ತದೆ, ಎಲ್ಲ ಹೇಳುತ್ತಾರೆ. ಇದಕ್ಕಿಂತ ಒಳ್ಳೆ ಮ್ಯಾಪು ಇಲ್ಲ.

ಅದಿರಿನ ದಾರಿ ದಾಟಲೇಬೇಕಾಗಿ ಬಂದರೆ?

ಹತ್ತಿರ ಬರುವ ಮುಂಚೆಯೇ ಇಳಿಯಿರಿ. ಲೋಡ್ ಲಾರಿಯ ಹಿಂದೆ ಏಳುವ ಧೂಳಿನಲ್ಲಿ ಅದರ ಹಿಂದಿನ ಲಾರಿ ಕಾಣುವುದಿಲ್ಲ, ಅದರ ಚಾಲಕನಿಗೂ ನೀವು ಕಾಣುವುದಿಲ್ಲ. ಒಂದು ಲಾರಿ ಹೋದ ತಕ್ಷಣ ದಾಟಲು ಹೋಗಬೇಡಿ. ಧೂಳು ಕೂರುವವರೆಗೆ ನಿಲ್ಲಿ, ಕಿವಿಗೊಡಿ, ಆಮೇಲೆ ಸೈಕಲ್ ತಳ್ಳಿಕೊಂಡು ದಾಟಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ. ಹಿಂದಿನ ಕೆಂಪು ದೀಪವನ್ನು ಹಗಲಲ್ಲೂ ಹಚ್ಚಿಡಿ. ಕೆಂಪು, ಕಂದು ಬಣ್ಣದ ಜೆರ್ಸಿ ಇಲ್ಲಿನ ಮಣ್ಣಿನಲ್ಲಿ ಕರಗಿ ಹೋಗುತ್ತದೆ. ತಿಳಿ ಹಸಿರು ಅಥವಾ ಹಳದಿ ಹಾಕಿ.

ಮೊದಲ ಸಲ ಬರುವವರು ಎಲ್ಲಿಂದ ಶುರು ಮಾಡಬೇಕು?

ನಾರಿಹಳ್ಳ ಜಲಾಶಯದಿಂದ. ಸಂಡೂರಿನಿಂದ ತಾರಾನಗರದ ಕಡೆ ಹೋಗಿ, ಜಲಾಶಯ ನೋಡಿ, ಹೊಲದ ನಡುವಿನ ದಾರಿ ಹಿಡಿದು ವಾಪಸ್ ಬರುವುದು. ಅರ್ಧ ದಿನ ಧಾರಾಳ. ಏರು ಕಡಿಮೆ. ಒಂದು ಕಡೆ ನೀರು, ಅದರ ಹಿಂದೆ ಗುಡ್ಡದ ಸಾಲು. ಈ ಸುತ್ತಿನಲ್ಲಿ ನಿಮಗೆ ಇಲ್ಲಿನ ಮಣ್ಣಿನ ಪರಿಚಯ ಆಗುತ್ತದೆ, ಬಿಸಿಲಿನ ಅಂದಾಜು ಸಿಗುತ್ತದೆ. ಮುಖ್ಯ ರಸ್ತೆಯಲ್ಲಿ ವಾಹನ ಇದ್ದೇ ಇರುತ್ತದೆ, ಬೆಳಿಗ್ಗೆಯೇ ಆ ಭಾಗ ಮುಗಿಸಿಬಿಡಿ.

ಎರಡನೆಯದಕ್ಕೆ ಯಶವಂತನಗರದ ಹತ್ತಿರದ ಗಂಡಿ ನರಸಿಂಹಸ್ವಾಮಿ ದೇವಸ್ಥಾನ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಹಳ್ಳ ಹರಿದು ಮಾಡಿಕೊಂಡ ಸಂದು. ಸಂದಿನೊಳಗೆ ಬಂದ ಕೂಡಲೇ ಗಾಳಿ ತಣ್ಣಗಾಗುತ್ತದೆ. ಬಂಡೆಯ ಗೋಡೆಯನ್ನು ಹತ್ತಿರದಿಂದ ನೋಡಿ: ಕೆಂಪು, ಕಪ್ಪು, ಬೂದು ಪಟ್ಟಿಗಳು ಒಂದರ ಮೇಲೊಂದು ಮಡಚಿಕೊಂಡಿರುತ್ತವೆ. ಕಬ್ಬಿಣ ತುಂಬಿದ ಪದರ ಒಂದು, ಸಿಲಿಕಾ ತುಂಬಿದ ಪದರ ಒಂದು. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಇದು. ಸಂಡೂರಿಗೆ ಗಣಿ ಬಂದದ್ದು ಇದೇ ಕಲ್ಲಿನಿಂದ. ಸೈಕಲ್ಲನ್ನು ದೇವಸ್ಥಾನದ ಹೊರಗೆ ನಿಲ್ಲಿಸಿ ನಡೆದು ಹೋಗಿ. ಅಲ್ಲಿ ಅವಸರ ಮಾಡಬೇಡಿ.

ಕುಮಾರಸ್ವಾಮಿ ಬೆಟ್ಟ ಹತ್ತಬಹುದಾ?

ಹತ್ತಬಹುದು. ಸಂಡೂರಿನಿಂದ ಹತ್ತು ಹನ್ನೆರಡು ಕಿಲೋಮೀಟರ್. ದೇವಸ್ಥಾನದವರೆಗೆ ಡಾಂಬರು ಇದೆ. ಕಾಲು ಗಟ್ಟಿ ಇದ್ದವರಿಗೆ ಇದು ಈ ಭಾಗದ ಒಳ್ಳೆಯ ಏರು. ತಿರುವುಗಳಲ್ಲಿ ಎರಡೂ ಕಡೆ ಕಾಡು, ಮೇಲೆ ಹೋದಂತೆ ಗಾಳಿ ಬೇರೆ. ಮೇಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಅಲ್ಲಿ ಕೂತು ನೀರು ಕುಡಿದು ಗೋಡೆಯ ಕೆಲಸವನ್ನು ನಿಧಾನವಾಗಿ ನೋಡಿ.

ಇಳಿಯುವಾಗ ಎಚ್ಚರ ಬೇಕು. ಈ ರಸ್ತೆಯಲ್ಲಿ ಬಸ್ಸು ಬರುತ್ತದೆ, ಭಕ್ತರ ಟೆಂಪೋ ಬರುತ್ತದೆ, ಕೆಲವು ಕಡೆ ಗಣಿ ವಾಹನವೂ ಬರುತ್ತದೆ. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಿ. ಒಂದೇ ಸಮ ಬ್ರೇಕ್ ಒತ್ತಿಕೊಂಡು ಬಂದರೆ ಡಿಸ್ಕ್ ಕಾಯುತ್ತದೆ, ಹಿಡಿತ ಸಡಿಲವಾಗುತ್ತದೆ. ನಡುವೆ ಒಂದೆರಡು ಕಡೆ ನಿಲ್ಲಿ. ಕಾರ್ತಿಕ ಮಾಸದಲ್ಲಿ, ಜಾತ್ರೆಯ ಸಮಯದಲ್ಲಿ ಈ ದಾರಿ ಸೈಕಲ್ಲಿಗೆ ಬೇಡ. ಅವು ಭಕ್ತರ ದಿನಗಳು.

ಕಾಡಿನ ಒಳದಾರಿಗಳಲ್ಲಿ ಹೋಗಲು ಅನುಮತಿ ಬೇಕಾ?

ಬೇಕು. ಇಲ್ಲಿನ ಸ್ವಾಮಿಮಲೈ ಕಾಡು ಮೀಸಲು ಅರಣ್ಯ. ಡಾಂಬರು ರಸ್ತೆ, ಊರ ದಾರಿ ಬಿಟ್ಟು ಒಳಗೆ ಹೋಗುವುದಾದರೆ ಸಂಡೂರಿನ ವಲಯ ಅರಣ್ಯ ಕಚೇರಿಯಲ್ಲಿ ಮೊದಲು ಕೇಳಿ. ಅನುಮತಿ ಇಲ್ಲದೆ ಒಳಗೆ ಹೋಗುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಕೆಲಸ ಸುಲಭ. ಕಾವಲುಗಾರರನ್ನು ಜೊತೆಗೆ ಕಳಿಸಿದರೆ ಬೇಡ ಅನ್ನಬೇಡಿ. ನೀವು ಹತ್ತು ಸಲ ಬಂದರೂ ಕಾಣದ್ದನ್ನು ಅವರು ಒಂದೇ ದಿನದಲ್ಲಿ ತೋರಿಸುತ್ತಾರೆ.

ಫೆಬ್ರವರಿಯಿಂದ ಮೇ ತನಕ ಕಾಡ್ಗಿಚ್ಚಿನ ಕಾಲ. ಆಗ ಬಿಡುವುದು ಕಷ್ಟ. ಬಿಡದೇ ಇರುವುದೇ ಸರಿ ಕೂಡ.

ಗಣಿಯ ಗುತ್ತಿಗೆ ಜಾಗಕ್ಕಂತೂ ಹೋಗಲೇಬೇಡಿ. ಕೆಲಸ ನಿಂತ ಹಳೇ ಗಣಿಯಾದರೂ ಅಷ್ಟೇ. ಅಂಚು ಸಡಿಲ ಇರುತ್ತದೆ, ಗುಂಡಿಯಲ್ಲಿ ನಿಂತ ನೀರಿನ ಆಳ ಹೊರಗಿಂದ ಗೊತ್ತಾಗುವುದಿಲ್ಲ. ನಡೆಯುವ ಗಣಿಯಲ್ಲಿ ಬಂಡೆ ಸಿಡಿಸುತ್ತಾರೆ.

ರಾಮನದುರ್ಗ ಹೇಗಿದೆ?

ರಾಮಗಡ ಅಂತಲೂ ಕರೆಯುತ್ತಾರೆ. 19ನೇ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರಿಗೆ ಆರೋಗ್ಯಧಾಮ ಮಾಡಿದ್ದು ಇಲ್ಲಿ. ಬಯಲು ಕಾದಿರುವಾಗಲೂ ಮೇಲೆ ತಂಪು. ಪಳಗಿದವರಿಗೆ ಮಾತ್ರ ಹೇಳುವ ದಾರಿ ಇದು. ಏರು ಉದ್ದ, ನಡುವೆ ನೀರು ಸಿಗುವ ಭರವಸೆ ಇಲ್ಲ, ಫೋನ್ ಸಿಗ್ನಲ್ ಬಂದು ಹೋಗುತ್ತದೆ. ಕನಿಷ್ಠ ಮೂವರು ಇರಲಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬೇಕು, ಇನ್ನೊಬ್ಬರು ಕೆಳಗೆ ಹೋಗಿ ಜನ ಕರೆತರಬೇಕು.

ಕರಡಿ, ಚಿರತೆ ಇವೆಯಾ?

ಇವೆ. ಅವುಗಳ ಕಾಡಿನಲ್ಲಿ ನಾವು ಓಡಾಡುತ್ತಿದ್ದೇವೆ, ಅದನ್ನು ಮರೆಯಬಾರದು.

ಕರಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಡೆದು ಹೋಗುವವರಿಗಿಂತ ಸೈಕಲ್ಲಿನವರಿಗೆ ಅಪಾಯ ಬೇರೆ ಥರ. ಕರಡಿ ಹುತ್ತ ಬಗೆದು ಗೆದ್ದಲು ತಿನ್ನುವಾಗ ಮೈಮರೆತಿರುತ್ತದೆ. ಅದರ ಕಣ್ಣು ಅಷ್ಟು ಚುರುಕಲ್ಲ. ನಡೆಯುವವನ ಮಾತು, ಹೆಜ್ಜೆ ಅದಕ್ಕೆ ದೂರದಿಂದಲೇ ಕೇಳುತ್ತದೆ, ಎದ್ದು ಹೋಗುತ್ತದೆ. ಸೈಕಲ್ ಸದ್ದಿಲ್ಲದೆ ಬರುತ್ತದೆ, ಜೋರಾಗಿಯೂ ಬರುತ್ತದೆ. ತಿರುವಿನಲ್ಲಿ ನಾಲ್ಕು ಮಾರು ದೂರದಲ್ಲಿ ದಿಢೀರ್ ಅಂತ ಎದುರಾದರೆ ಅದು ಹೆದರಿ ಮೈಮೇಲೆ ಬೀಳುತ್ತದೆ. ಅದಕ್ಕೆ ಹ್ಯಾಂಡಲ್‌ಗೆ ಒಂದು ಗಂಟೆ ಕಟ್ಟಿ. ಎತ್ತಿನ ಕೊರಳಿಗೆ ಕಟ್ಟುವ ಸಣ್ಣ ಗಂಟೆ ಸಂತೆಯಲ್ಲಿ ಸಿಗುತ್ತದೆ, ಸೈಕಲ್ ಅಲುಗಿದ ಹಾಗೆಲ್ಲ ತಾನೇ ಬಾರಿಸುತ್ತದೆ. ಮುಂದಿನದು ಕಾಣದ ತಿರುವಿನಲ್ಲಿ ವೇಗ ಇಳಿಸಿ, ಮಾತಾಡುತ್ತಾ ಹೋಗಿ.

ಕರಡಿಗಳು ಸಂಜೆ, ರಾತ್ರಿ, ನಸುಕಿನಲ್ಲಿ ಓಡಾಡುತ್ತವೆ. ಕಾಡಿನ ದಾರಿಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಇಳಿಯಿರಿ, ನಾಲ್ಕೂವರೆಗೆ ಹೊರಗೆ ಬನ್ನಿ. ಹಗಲಲ್ಲಿ ಅವು ಬಂಡೆ ಸಂದಿಯಲ್ಲಿ ಮಲಗುತ್ತವೆ, ಫೋಟೋಗೆ ಅಂತ ಗುಹೆಯೊಳಗೆ ಇಣುಕಬೇಡಿ. ಬಾರೆ ಹಣ್ಣು ಉದುರಿದ ಕಡೆ, ಹೊಸದಾಗಿ ಬಗೆದ ಹುತ್ತ ಕಂಡ ಕಡೆ ಇಳಿದು ನಡೆಯಿರಿ. ಚಳಿಗಾಲದಲ್ಲಿ ಮರಿ ಹಾಕುತ್ತವೆ, ಆಮೇಲೆ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅಂಥ ತಾಯಿ ಕಂಡರೆ ಸೈಕಲ್ಲನ್ನು ನಿಮ್ಮ ಮುಂದೆ ಅಡ್ಡ ಹಿಡಿದು, ಅದರ ಕಡೆಯೇ ನೋಡುತ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ಬೆನ್ನು ತೋರಿಸಿ ಓಡಬೇಡಿ.

ಚಿರತೆ ಸಾಮಾನ್ಯವಾಗಿ ತಾನೇ ದೂರ ಹೋಗುತ್ತದೆ. ಮಕ್ಕಳನ್ನು ಗುಂಪಿನ ನಡುವೆ ಇಟ್ಟುಕೊಳ್ಳಿ, ಕತ್ತಲಾಗುವ ಮುಂಚೆ ಊರು ಸೇರಿ.

ದರೋಜಿ ಕರಡಿಧಾಮದಲ್ಲಿ ಸೈಕಲ್ ಹೊಡೆಯಬಹುದಾ?

ಬೇಡ. ಅದು 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಿಟ್ಟ ವನ್ಯಧಾಮ. ಮಧ್ಯಾಹ್ನದ ಮೇಲೆ ವಾಹನದಲ್ಲಿ ವೀಕ್ಷಣಾ ಗೋಪುರಕ್ಕೆ ಹೋಗಿ, ಎದುರಿನ ಕರಡಿಕಲ್ಲು ಗುಡ್ಡದಿಂದ ಕರಡಿಗಳು ಇಳಿದು ಬರುವುದನ್ನು ನೋಡಿ. ಸೈಕಲ್ ಹೊರಗೆ ಇರಲಿ. ಹಕ್ಕಿ ನೋಡುವವರು ದುರ್ಬೀನು ಮರೆಯಬೇಡಿ. ಹಳದಿ ಕೊರಳಿನ ಪಿಕಳಾರ ಅನ್ನುವ ಅಪರೂಪದ ಹಕ್ಕಿ ಇಲ್ಲಿನ ಬಂಡೆ ಗುಡ್ಡಗಳಲ್ಲಿದೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಕೊನೆಯಿಂದ ಜನವರಿ ತನಕ. ಸೆಪ್ಟೆಂಬರಿನಲ್ಲಿ ಹಸಿರು ಉಕ್ಕುತ್ತಿರುತ್ತದೆ, ಆದರೆ ನೆಲ ಒದ್ದೆ. ಅಕ್ಟೋಬರ್, ನವೆಂಬರಿನಲ್ಲಿ ನೆಲ ಗಟ್ಟಿಯಾಗಿ ಧೂಳು ಏಳುವ ಮುಂಚಿನ ಕೆಲವು ವಾರ ಇವೆಯಲ್ಲ, ನನ್ನ ಪ್ರಕಾರ ವರ್ಷದಲ್ಲೇ ಅದು ಚೆನ್ನ. ಸೀತಾಫಲದ ಕಾಲ ಬೇರೆ. ಗುಡ್ಡದ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ರಸ್ತೆ ಬದಿ ಮಾರುತ್ತಾರೆ. ಕೊಂಡು ತಿನ್ನಿ, ಗಿಡದಿಂದ ಕೀಳಬೇಡಿ. ಅದು ಒಬ್ಬರ ಮನೆಯ ಆ ತಿಂಗಳ ದುಡಿಮೆ.

ಮಾರ್ಚ್ ಬಂದರೆ ಬಿಸಿಲು ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಎರಡು ತಿಂಗಳು ಸೈಕಲ್ ಸರ್ವೀಸಿಗೆ ಕೊಡಿ.

ಮಣ್ಣು ಹೇಗಿರುತ್ತದೆ? ಜಾರುತ್ತದಾ?

ಮೂರು ಥರದ ಮಣ್ಣು ಸಿಗುತ್ತದೆ, ಮೂರಕ್ಕೂ ಬೇರೆ ಬೇರೆ ಬುದ್ಧಿ ಬೇಕು.

ಗುಡ್ಡದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರಿನ ಪುಡಿ ಇರುತ್ತದೆ. ಒಣಗಿದ್ದಾಗ ಮೇಲ್ಪದರ ನುಣ್ಣಗಿನ ಹಿಟ್ಟಿನ ಹಾಗೆ. ಮುಂದಿನ ಚಕ್ರ ತಿರುಗಿಸಿದರೂ ಸೈಕಲ್ ಹಳೇ ದಿಕ್ಕಿನಲ್ಲೇ ಹೋಗುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಮಳೆ ಬಿದ್ದರೆ ಅದೇ ಮಣ್ಣು ಚೈನಿಗೆ, ಗೇರಿಗೆ ಮೆತ್ತಿಕೊಂಡು ಲೋಹವನ್ನೇ ಸವೆಸುತ್ತದೆ. ಈ ಕಾಡಿನಲ್ಲಿ ಉಂಡೆ ಉಂಡೆಯಾದ ಅದಿರಿನ ಕಲ್ಲುಗಳೂ ಇವೆ. ಒಂದನ್ನು ಕೈಗೆತ್ತಿಕೊಂಡು ನೋಡಿ, ಆ ಗಾತ್ರದ ಮಾಮೂಲಿ ಕಲ್ಲಿಗಿಂತ ಸುಮಾರು ಎರಡು ಪಟ್ಟು ಭಾರ. ಟೈರಿನ ಕೆಳಗೆ ಅವು ಉರುಳುತ್ತವೆ.

ಬಂಡೆ ಪ್ರದೇಶದ್ದು ಗರಸು ಮಣ್ಣು. ಕಲ್ಲಿನ ಮೇಲೆ ಟೈರು ಚೆನ್ನಾಗಿ ಹಿಡಿಯುತ್ತದೆ, ಕಲ್ಲು ಮುಗಿದು ಗರಸು ಶುರುವಾದ ಕಡೆ ಜಾರುತ್ತದೆ. ಆ ಗಡಿ ನೋಡುತ್ತಾ ಇರಿ.

ಮೂರನೆಯದು ಬಯಲಿನ ಎರೆ ಮಣ್ಣು. ಮಳೆ ಬಂದ ದಿನ ಎರೆ ಹೊಲದ ದಾರಿಗೆ ಇಳಿಯಲೇಬೇಡಿ. ನೂರು ಮೀಟರ್ ಹೋಗುವಷ್ಟರಲ್ಲಿ ಚಕ್ರ ಫೋರ್ಕಿನೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ. ತಳ್ಳಲೂ ಆಗುವುದಿಲ್ಲ, ಹೊರಬೇಕು.

ಯಾವ ಸೈಕಲ್ ಬೇಕು?

ಮುಂದೆ 100 ಅಥವಾ 120 ಮಿಲಿಮೀಟರ್ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸಾಕು. ಎರಡೂ ಕಡೆ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ ಈ ದಾರಿಗಳಿಗೆ ಬೇಕಿಲ್ಲ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಇಳಿಜಾರಿನಲ್ಲಿ ಕೈ ನೋಯುವುದಿಲ್ಲ. ದುಡ್ಡು ಇದ್ದರೆ ಅದನ್ನು ಟೈರಿಗೆ ಹಾಕಿ. 2.2 ಇಂಚಿಗಿಂತ ಅಗಲ, ಬದಿ ಗಟ್ಟಿ ಇರುವ ಟೈರು. 70 ಕೆ.ಜಿ. ತೂಕದವರು ಟ್ಯೂಬ್‌ಲೆಸ್ ಆದರೆ 22ರಿಂದ 26 ಪಿಎಸ್‌ಐ, ಟ್ಯೂಬ್ ಆದರೆ 30ರ ಆಸುಪಾಸು ಗಾಳಿ ಇಟ್ಟು ನೋಡಿ. ಪಂಪಿನಂಗಡಿಯಲ್ಲಿ ಕಲ್ಲಿನಂತೆ ಗಟ್ಟಿ ಮಾಡಿಕೊಡುತ್ತಾರೆ, ಅಷ್ಟು ಬೇಡ ಅನ್ನಿ.

ಸಾದಾ ಗೇರ್ ಸೈಕಲ್ ಇರುವ ಇಲ್ಲಿನ ಹುಡುಗರು ನಾರಿಹಳ್ಳದ ಸುತ್ತನ್ನು ಆರಾಮಾಗಿ ಮುಗಿಸುತ್ತಾರೆ. ಸೈಕಲ್ ಚಿಕ್ಕದು ಅಂತ ಮನೆಯಲ್ಲಿ ಕೂರಬೇಡಿ. ಹೆಲ್ಮೆಟ್ ಮಾತ್ರ ಎಲ್ಲರಿಗೂ ಬೇಕು.

ಪಂಕ್ಚರ್ ಎಷ್ಟು ಆಗುತ್ತದೆ?

ತುಂಬಾ. ಇಡೀ ಕರ್ನಾಟಕದಲ್ಲಿ ಬಳ್ಳಾರಿ ಜಾಲಿ ಅಂತಲೇ ಹೆಸರಾದ ಮುಳ್ಳಿನ ಗಿಡ ಇದೆ, ಅದರ ಊರಿಗೇ ಬಂದಿದ್ದೀರಿ. ಕೆರೆ ದಂಡೆ, ಹೊಲದ ಬೇಲಿ, ಪಾಳು ಜಾಗ, ಎಲ್ಲ ಕಡೆ ಅದೇ. ಕಡಿದು ಹಾಕಿದ ಬೇಲಿ ಕೊಂಬೆಯನ್ನು ದಾರಿಯ ಬದಿಗೆ ಎಳೆದಿರುತ್ತಾರೆ. ಹಸಿ ಮುಳ್ಳಿಗಿಂತ ಒಣ ಮುಳ್ಳು ಕೆಟ್ಟದ್ದು. ಟೈರೊಳಗೆ ಹೊಕ್ಕು ಅಲ್ಲೇ ಮುರಿಯುತ್ತದೆ. ಇನ್ನೊಂದು ನೆಗ್ಗಿಲು ಮುಳ್ಳು. ನೆಲಕ್ಕೆ ಹರಡಿದ ಹಳದಿ ಹೂವಿನ ಸಣ್ಣ ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ.

ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ (ಒಳಗಿನಿಂದ ತೂತು ಮುಚ್ಚುವ ದ್ರವ) ಹಾಕಿದ್ದರೆ ಮುಳ್ಳು ಚುಚ್ಚಿದ್ದು ಕಂಡರೂ ಕೀಳಬೇಡಿ. ಅದೇ ಬಿರಡೆ. ಮನೆಗೆ ಬಂದು ಕಿತ್ತು, ಟೈರು ತಿರುಗಿಸಿ, ಸೀಲೆಂಟ್ ಕೂರಲು ಬಿಡಿ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಟ್ಯೂಬ್ ಇದ್ದವರು ಟೈರು ಬಿಚ್ಚಿ ಒಳಮೈಯನ್ನು ಪೂರ್ತಿ ತಡವಬೇಕು. ಬರಿ ಬೆರಳಲ್ಲಿ ಬೇಡ, ಹತ್ತಿ ಬಟ್ಟೆ ಎಳೆಯಿರಿ. ಮುಳ್ಳಿನ ತುದಿ ಇದ್ದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಆ ತುದಿಯನ್ನು ಚಿಮಟಿಗೆಯಿಂದ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಐದು ನಿಮಿಷಕ್ಕೆ ಅದೂ ಹೋಗುತ್ತದೆ. ಎರಡು ಟ್ಯೂಬ್, ಪ್ಯಾಚ್, ಪಂಪು, ಚಿಮಟಿಗೆ, ಚೈನ್ ಲಿಂಕ್ ಇಲ್ಲದೆ ಹೊರಡಬೇಡಿ.

ನೀರು, ಊಟ?

ಒಬ್ಬರಿಗೆ ಮೂರು ಲೀಟರ್ ನೀರು. ಒಂದು ಬಾಟಲಿಗೆ ಉಪ್ಪು, ಸಕ್ಕರೆ, ನಿಂಬೆರಸ ಹಾಕಿ. ದಾಹ ಆಗುವವರೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯಿರಿ. ಗಣಿಯ ಕೆಳಗಿನ ಹಳ್ಳದ ನೀರು ಕುಡಿಯಬೇಡಿ. ಬೆಳಿಗ್ಗೆ ಸಂಡೂರಿನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುವ ಆಸೆಯನ್ನು ವಾಪಸ್ ಬಂದ ಮೇಲೆ ತೀರಿಸಿಕೊಳ್ಳಿ, ಏರಿಗೆ ಮುಂಚೆ ಎಣ್ಣೆ ಪದಾರ್ಥ ಬೇಡ. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಬಿಸಿಲಿಗೆ ಕೆಡುವುದಿಲ್ಲ, ಜೇಬಲ್ಲಿ ಹಿಡಿಯುತ್ತದೆ.

ಕೊಪ್ಪಳ ಕಡೆ ಯಾವುದಾದರೂ ರೂಟು ಇದೆಯಾ?

ಆನೆಗೊಂದಿ, ಸಾಣಾಪುರದ ಸುತ್ತು. ಸಂಡೂರಿಗಿಂತ ಪೂರ್ತಿ ಬೇರೆ ಲೋಕ. ಗಂಗಾವತಿ ಕಡೆಯಿಂದ ಬಂದು ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ ಬುಡ, ಸಾಣಾಪುರ ಕೆರೆ. ಒಂದು ಕಡೆ ಗುಂಡು ಬಂಡೆಗಳ ರಾಶಿ, ಇನ್ನೊಂದು ಕಡೆ ಭತ್ತದ ಗದ್ದೆ, ನಡುವೆ ತುಂಗಭದ್ರಾ ಎಡದಂಡೆ ಕಾಲುವೆ. ದೊಡ್ಡ ಏರಿಲ್ಲ, ಸಣ್ಣ ಸಣ್ಣ ಏರಿಳಿತ ಬೇಕಾದಷ್ಟು. ಮಕ್ಕಳನ್ನು ಕರೆದುಕೊಂಡು ಹೋಗಲು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅಂಜನಾದ್ರಿಗೆ 575 ಮೆಟ್ಟಿಲು, ಸೈಕಲ್ ಕೆಳಗೇ ಬಿಡಬೇಕು. ಶನಿವಾರ ಜನ ಜಾಸ್ತಿ, ಬೇರೆ ದಿನ ಹೋಗಿ.

ಹಂಪಿ ಕಡೆಯಿಂದ ಬರುವವರು ತಳವಾರಘಟ್ಟದಲ್ಲಿ ದೋಣಿಯಲ್ಲಿ ತುಂಗಭದ್ರಾ ಹೊಳೆ ದಾಟಬಹುದು. ಜಲಾಶಯದಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಆಗ ಬುಕ್ಕಸಾಗರ, ಕಡೇಬಾಗಿಲು ಸೇತುವೆ ಇದೆ. ತುಂಗಭದ್ರೆಯ ಈ ಭಾಗ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಬಂಡೆಗಳ ನಡುವೆ ಅವು ಆಡುವುದು ಅದೃಷ್ಟ ಇದ್ದರೆ ಕಾಣುತ್ತದೆ. ಹೊಳೆಗೆ, ಕಾಲುವೆಗೆ, ಕೆರೆಗೆ ಈಜಲು ಮಾತ್ರ ಇಳಿಯಬೇಡಿ. ಬಂಡೆ ಸಂದಿನ ಸುಳಿಯಲ್ಲಿ ಈಜು ಬಲ್ಲವರೇ ಸತ್ತಿದ್ದಾರೆ.

ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೂ ಹೋಗಿ. ಗುಡ್ಡದ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಸ್ಥಳೀಯರು ಮೋರ್ಯರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದೆ. ಸೈಕಲ್ ಕೆಳಗೆ ಬಿಟ್ಟು ನಡೆದು ಹತ್ತಿ. ಹಳೇ ಕಲ್ಲಿನ ಮೇಲೆ ಟೈರು ಹತ್ತಿಸುವುದು, ವಿಡಿಯೋಗೆ ಜಿಗಿಯುವುದು ದಯವಿಟ್ಟು ಬೇಡ. ಒಮ್ಮೆ ಬಿದ್ದ ಚಪ್ಪಡಿಯನ್ನು ಯಾರೂ ಮತ್ತೆ ನಿಲ್ಲಿಸಲಾರರು.

ರಾಯಚೂರಿನವರು ಏನು ಮಾಡಬೇಕು?

ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ಲು ಕೋಟೆ, ಕೃಷ್ಣಾ ನದಿಯ ಜಲದುರ್ಗ ನೋಡಿಕೊಂಡು ಒಂದು ದಿನದ ಸವಾರಿ ಮಾಡಬಹುದು. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯೂ ಆ ಕಡೆಯೇ. ಆದರೆ ಅದು ಬಯಲು, ಬಂಡೆಗುಡ್ಡದ ಸವಾರಿ. ಕಾಡು ಬೇಕಾದರೆ ಸಂಡೂರಿಗೇ ಬರಬೇಕು.

ಸೈಕಲ್ ತರುವುದು ಹೇಗೆ?

ಬೆಂಗಳೂರು ಕಡೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಹೊಸಪೇಟೆ ಅಥವಾ ಬಳ್ಳಾರಿಯಲ್ಲಿ ಇಳಿಸಿಕೊಳ್ಳಿ. ಪೆಡಲ್ ಬಿಚ್ಚಿ, ಗೇರ್ ಇರುವ ಬದಿಗೆ ರಟ್ಟು ಸುತ್ತಿ. ಅಲ್ಲಿಂದ ಸಂಡೂರಿಗೆ ಬಸ್ಸು ಸಿಗುತ್ತದೆ. ಹೊಸಪೇಟೆಯಿಂದ ಮುಖ್ಯ ರಸ್ತೆಯಲ್ಲೇ ಸೈಕಲ್ ತುಳಿದು ಬರುವ ಯೋಚನೆ ಬೇಡ, ಲಾರಿ ಸಾಲು ಜಾಸ್ತಿ.

ಊರವರು, ತಾಂಡಾದವರು ಹೇಗೆ ನೋಡುತ್ತಾರೆ? ಹೆಣ್ಣುಮಕ್ಕಳು ಬರಬಹುದಾ?

ಧಾರಾಳವಾಗಿ ಬರಬಹುದು. ಗುಂಪಿನಲ್ಲಿ ಬನ್ನಿ ಅನ್ನುವುದು ಗಂಡಸರಿಗೂ ಹೇಳುವ ಮಾತು. ಮೊದಲು ನೀವೇ ಮಾತಾಡಿಸಿ. ಕುರಿ ಹಿಂಡು ಎದುರಾದರೆ ಇಳಿದು ಬದಿಗೆ ನಿಲ್ಲಿ, ಕುರಿ ಬೆದರಿ ಚದುರಿದರೆ ಕುರುಬರಿಗೆ ಅರ್ಧ ದಿನದ ಕೆಲಸ. ಬೆಳೆ ಇರುವ ಹೊಲದ ಬದುವಿನ ಮೇಲೆ ಹೋಗಬೇಡಿ. ಕೇಳಿದರೆ ದಾರಿ ತೋರಿಸುತ್ತಾರೆ, ‘ಮುಂದಕ ಹೋಗಬ್ಯಾಡ್ರಿ’ ಅಂದರೆ ಅದಕ್ಕೆ ಕಾರಣ ಇರುತ್ತದೆ, ತಿರುಗಿ ಬನ್ನಿ.

ಸುಶೀಲಾನಗರದಂಥ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಹಚ್ಚಿ ಮಾಡುವ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಚೌಕಾಸಿ ಮಾಡದೆ ಒಂದು ಚೀಲ ಕೊಳ್ಳಿ. ಸವಾರಿಗೆ ಬಂದವರ ದುಡ್ಡು ಊರಿನಲ್ಲಿ ಉಳಿದರೆ, ಈ ದಾರಿಗಳು ದಾರಿಗಳಾಗಿಯೇ ಉಳಿಯಲಿ ಅನ್ನುವವರ ಸಂಖ್ಯೆಯೂ ಹೆಚ್ಚುತ್ತದೆ.

ಈ ದಾರಿಗಳು ಉಳಿಯುತ್ತವಾ?

ಎಲ್ಲವೂ ಉಳಿದಿಲ್ಲ. ಗುಡ್ಡದ ನೆತ್ತಿಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಜಾಗಗಳು ರಸ್ತೆಯಿಂದಲೇ ಕಾಣುತ್ತವೆ. ದೇವದಾರಿ ಗುಡ್ಡದಲ್ಲಿ ಗಣಿಗಾಗಿ 400 ಹೆಕ್ಟೇರಿಗೂ ಹೆಚ್ಚು ಕಾಡು ಕೊಡುವ ವಿಷಯ 2024ರಲ್ಲಿ ರಾಜ್ಯದ ತುಂಬಾ ಚರ್ಚೆಯಾಯಿತು. ಲಕ್ಷದ ಹತ್ತಿರ ಮರಗಳ ಲೆಕ್ಕ ಅದು. ಗಣಿಯಿಂದ ಅನ್ನ ತಿನ್ನುವ ಮನೆಗಳೂ ಇಲ್ಲಿ ಬಹಳ ಇವೆ, ಅದನ್ನೂ ನಾನು ಮರೆಯುವುದಿಲ್ಲ. ಆದರೂ ಅಗೆಯದೆ ಉಳಿದ ಗುಡ್ಡವನ್ನು ಹಾಗೇ ಬಿಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾಡಿನ ದಾರಿಯಲ್ಲಿ ಓಡಾಡಿದವರು ಇದನ್ನು ಮಾತಾಡಬೇಕು, ಗ್ರಾಮಸಭೆಯಲ್ಲಿ, ಅಹವಾಲು ಸಭೆಯಲ್ಲಿ, ಪತ್ರ ಬರೆದು.

ಬಿದ್ದರೆ, ಹಾವು ಕಚ್ಚಿದರೆ ಯಾರಿಗೆ ಫೋನ್ ಮಾಡಬೇಕು?

ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112, ಕಾಡಿನ ಬೆಂಕಿ ಅಥವಾ ಪ್ರಾಣಿ ವಿಷಯಕ್ಕೆ ಅರಣ್ಯ ಇಲಾಖೆಯ 1926. ಸಿಗ್ನಲ್ ಇಲ್ಲದ ಕಡೆ ಇವು ಯಾವುವೂ ಸಿಗುವುದಿಲ್ಲ. ಅದಕ್ಕೆ ಹೊರಡುವ ಮುಂಚೆ ದಾರಿ ಮತ್ತು ವಾಪಸ್ ಬರುವ ಹೊತ್ತನ್ನು ಊರಲ್ಲಿ ಒಬ್ಬರಿಗೆ ಹೇಳಿ, ಮ್ಯಾಪನ್ನು ಫೋನಿಗೆ ಇಳಿಸಿಕೊಂಡಿರಿ.

ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ನಾಲ್ಕೂ ಈ ಭಾಗದಲ್ಲಿವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು, ಶೂ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಂಪನ್ನೋ ಕೋಲನ್ನೋ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಸಾಗಿಸಿ. ಹತ್ತಿರದ್ದು ಸಂಡೂರು ತಾಲ್ಲೂಕು ಆಸ್ಪತ್ರೆ. ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ವಾಪಸ್ ಬಂದ ಮೇಲೆ ಸೈಕಲ್ಲಿಗೆ ಏನು ಮಾಡಬೇಕು?

ಅದೇ ದಿನ ತೊಳೆಯಿರಿ. ಮೊದಲು ಒಣ ಬ್ರಷ್ಷಿನಿಂದ ಕೆಂಪು ಪುಡಿ ಉದುರಿಸಿ, ಆಮೇಲೆ ಬಕೆಟ್ ನೀರು, ಮೆದು ಬಟ್ಟೆ. ಕಾರು ತೊಳೆಯುವ ಜೋರು ಪೈಪು ಬೇಡ, ಅದಿರಿನ ಪುಡಿಯನ್ನು ಬೇರಿಂಗ್ ಒಳಗೆ ತಳ್ಳುತ್ತದೆ. ಚೈನ್ ಒಣಗಿದ ಮೇಲೆ ಡ್ರೈ ಲ್ಯೂಬ್ (ಧೂಳಿನ ದಾರಿಗೆ ಅಂತ ಮಾಡಿದ ಚೈನ್ ಎಣ್ಣೆ) ಒಂದೊಂದು ಹನಿ ಹಾಕಿ, ಮಿಕ್ಕಿದ್ದನ್ನು ಒರೆಸಿ. ಗಾಡಿ ಎಣ್ಣೆ ಹಾಕಿದರೆ ಮುಂದಿನ ಸವಾರಿಯ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಬ್ರೇಕ್ ಪ್ಯಾಡ್ ತೆಗೆದು ನೋಡಿ, ಇಲ್ಲಿನ ಧೂಳಿನಲ್ಲಿ ಅವು ಬೇರೆ ಕಡೆಗಿಂತ ಬೇಗ ಸವೆಯುತ್ತವೆ.